ಕಾಲೇಜು ಕೇಳುವ ಮೊದಲು ಹಡಗು ಎಲ್ಲಿದೆ ಅಂತ ಕೇಳಿ

ಹಡಗಿನ ಕಾಲೇಜುಗಳ ಜಾಹೀರಾತು ಎಲ್ಲ ಕಡೆ ಒಂದೇ ಥರ ಇರುತ್ತದೆ. ಬಿಳಿ ಸಮವಸ್ತ್ರ, ಹೆಗಲ ಮೇಲೆ ಪಟ್ಟಿ, ಹಿಂದೆ ನೀಲಿ ಕಡಲು. ಚಿತ್ರ ಸುಳ್ಳೇನಲ್ಲ. ಆದರೆ ಆ ಹೆಗಲ ಪಟ್ಟಿಯನ್ನು ಕಾಲೇಜು ಕೊಡುವುದಿಲ್ಲ. ಇದೊಂದು ವಿಷಯ ಗೊತ್ತಿಲ್ಲದೆ ವರ್ಷಗಟ್ಟಲೆ ಓದಿ, ಕೈಯಲ್ಲಿ ಪದವಿ ಇದ್ದೂ ದಡದಲ್ಲೇ ಉಳಿದವರಿದ್ದಾರೆ. ಮರೈನ್ ಟ್ರಾನ್ಸ್‌ಪೋರ್ಟೇಶನ್, ಅಂದರೆ ಹಡಗು ನಡೆಸುವ ಓದು, ಓದಬೇಕು ಅಂತಿರುವವರು ಶುಲ್ಕ ಕಟ್ಟುವ ಮೊದಲೇ ಇದನ್ನು ತಿಳಿದುಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ಇಲ್ಲಿ ಎರಡು ಬೇರೆ ಬೇರೆ ಕಾಗದಗಳಿವೆ. ಒಂದು, ವಿಶ್ವವಿದ್ಯಾಲಯ ಕೊಡುವ ಪದವಿ. ಇನ್ನೊಂದು, ಒಂದು ದೇಶದ ಸರ್ಕಾರದ ಕಡಲ ಇಲಾಖೆ ಕೊಡುವ ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸಿ. ಹಡಗಿನವರ ಬಾಯಲ್ಲಿ ಅದು ಬರೀ ಸಿಒಸಿ. ಹಡಗಿನ ಬ್ರಿಡ್ಜ್ ಇದೆಯಲ್ಲ, ಮೇಲೆ ಗಾಜಿನ ಕಿಟಕಿಗಳ ಹಿಂದೆ ನಿಂತು ಹಡಗು ನಡೆಸುವ ಜಾಗ, ಅಲ್ಲಿ ಆಫೀಸರ್ ಆಗಿ ನಿಲ್ಲಲು ಬೇಕಾಗಿರುವುದು ಈ ಎರಡನೆಯ ಕಾಗದ. ಪದವಿಯಲ್ಲಿ ಎಷ್ಟೇ ಒಳ್ಳೆ ಅಂಕ ಬಂದಿರಲಿ, ಅದನ್ನು ತೋರಿಸಿ ವಾಚ್‌ಗೆ, ಅಂದರೆ ಸರದಿಯ ಮೇಲೆ ಹಡಗು ನಡೆಸುವ ಪಾಳಿಗೆ, ನಿಲ್ಲಲು ಆಗುವುದಿಲ್ಲ. ಕೆಲವು ದೇಶಗಳಲ್ಲಿ ಪದವಿಯೇ ಇಲ್ಲದೆ ಡಿಪ್ಲೊಮಾ ಮುಗಿಸಿ ಸಿಒಸಿ ಪಡೆಯುವವರೂ ಇದ್ದಾರೆ. ಹಾಗಂತ ಪದವಿ ದಂಡ ಅಂತ ನಾನು ಹೇಳುತ್ತಿಲ್ಲ. ಅದರ ಬೆಲೆ ಬೇರೆ ಕಡೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಸಿಒಸಿಗೆ ಏನೇನು ಬೇಕು ಅನ್ನುವುದನ್ನು ಜಗತ್ತಿಗೆಲ್ಲ ಒಂದೇ ಅಳತೆಯಲ್ಲಿ ಹೇಳುವ ಒಪ್ಪಂದ ಒಂದಿದೆ. ಹೆಸರು ಎಸ್‌ಟಿಸಿಡಬ್ಲ್ಯು. ವಿಶ್ವಸಂಸ್ಥೆಯ ಕಡಲ ಸಂಸ್ಥೆ ಐಎಂಒ ಇದನ್ನು 1978ರಲ್ಲಿ ತಂದಿತು. 1995ರಲ್ಲಿ ಒಮ್ಮೆ ದೊಡ್ಡ ತಿದ್ದುಪಡಿ ಆಯಿತು, 2010ರಲ್ಲಿ ಮನಿಲಾದಲ್ಲಿ ಇನ್ನೊಮ್ಮೆ. ಯಾವ ದೇಶದ ಕಾಲೇಜಾದರೂ ಆಫೀಸರ್ ಆಗುವ ದಾರಿ ತೋರಿಸುತ್ತೇನೆ ಅಂದರೆ ಈ ಒಪ್ಪಂದದ ಲೆಕ್ಕಕ್ಕೆ ಬರಲೇಬೇಕು. ದೇಶಗಳು ಇದಕ್ಕಿಂತ ಜಾಸ್ತಿ ಕೇಳಬಹುದು, ಕಡಿಮೆ ಕೇಳುವ ಹಾಗಿಲ್ಲ.

ಅದರಲ್ಲಿ ಒಂದು ನಿಯಮ ಇದೆ, ಕಾಲೇಜು ಆರಿಸುವವರು ಅದನ್ನು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. 500 ಗ್ರಾಸ್ ಟನ್ (ಹಡಗಿನ ಒಳಗಾತ್ರದ ಅಳತೆ ಇದು) ಅಥವಾ ಅದಕ್ಕಿಂತ ದೊಡ್ಡ ಹಡಗಿನಲ್ಲಿ ವಾಚ್ ನಡೆಸುವ ಆಫೀಸರ್ ಆಗಬೇಕಾದರೆ ವಯಸ್ಸು ಕನಿಷ್ಠ 18 ಆಗಿರಬೇಕು, ಮತ್ತು ಕಡಲಿನಲ್ಲಿ ಕೆಲಸ ಮಾಡಿದ ಅನುಭವ ಇರಬೇಕು. ಸರ್ಕಾರ ಒಪ್ಪಿದ ತರಬೇತಿಯ ಭಾಗವಾಗಿ, ಕಲಿತ ಕೆಲಸಕ್ಕೆಲ್ಲ ಸಹಿ ಹಾಕಿಸಿಕೊಳ್ಳುವ ರೆಕಾರ್ಡ್ ಬುಕ್ ಸಮೇತ ಮಾಡಿದ್ದರೆ ಕನಿಷ್ಠ 12 ತಿಂಗಳು. ಆ ಒಪ್ಪಿಗೆ ಇಲ್ಲದಿದ್ದರೆ 36 ತಿಂಗಳು. ಎರಡರಲ್ಲಿ ಯಾವ ದಾರಿಯಾದರೂ, ಅದರೊಳಗೆ ಕನಿಷ್ಠ 6 ತಿಂಗಳು ಕ್ಯಾಪ್ಟನ್ ಅಥವಾ ಅರ್ಹ ಆಫೀಸರ್ ಕಣ್ಣೆದುರು ಬ್ರಿಡ್ಜ್ ವಾಚ್ ಮಾಡಿರಬೇಕು.

12 ಮತ್ತು 36. ಒಳ್ಳೆಯ ಕಾಲೇಜು ನಿಮಗೆ ಉಳಿಸಿಕೊಡುವುದು ಈ ನಡುವಿನ ಎರಡು ವರ್ಷವನ್ನು. ಒಪ್ಪಿಗೆ ಇಲ್ಲದ ಕೋರ್ಸ್ ಸೇರಿದರೆ ಓದಿನ ವರ್ಷಗಳೂ ಹೋಯಿತು, ಆಮೇಲೆ ಮೂರು ವರ್ಷ ಕಡಲೂ ಬಾಕಿ. ಹಾಗಾಗಿ ಹಾಸ್ಟೆಲ್ ಹೇಗಿದೆ, ಕ್ಯಾಂಪಸ್ ಎಷ್ಟು ಎಕರೆ ಅನ್ನುವುದೆಲ್ಲ ಆಮೇಲೆ. ಮೊದಲ ಪ್ರಶ್ನೆ: ಈ ಕೋರ್ಸ್‌ಗೆ ಯಾವ ದೇಶದ ಕಡಲ ಇಲಾಖೆಯ ಒಪ್ಪಿಗೆ ಇದೆ? ಎರಡನೆಯ ಪ್ರಶ್ನೆ: ಆ 12 ತಿಂಗಳಿಗೆ ಹಡಗು ಯಾರು ಕೊಡುತ್ತಾರೆ?

ಒಪ್ಪಿಗೆಯನ್ನು ಕಾಲೇಜಿನ ಮಾತಿನಿಂದಾಗಲಿ ಗೋಡೆಯ ಫಲಕದಿಂದಾಗಲಿ ನಂಬಬೇಡಿ. ಇಲಾಖೆಯ ಸ್ವಂತ ಪಟ್ಟಿ ನೋಡಿ. ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದ್ದರೆ ಸಾಲದು, ನೀವು ಸೇರುವ ಕೋರ್ಸಿನ ಹೆಸರೇ ಇರಬೇಕು. ಒಂದೇ ಕಾಲೇಜಿನಲ್ಲಿ ನಾಲ್ಕು ಕೋರ್ಸ್ ಇದ್ದು ಎರಡಕ್ಕೆ ಮಾತ್ರ ಒಪ್ಪಿಗೆ ಇರಬಹುದು. ಎಷ್ಟು ವಿದ್ಯಾರ್ಥಿಗಳಿಗೆ ಒಪ್ಪಿಗೆ, ಯಾವ ತಾರೀಖಿನವರೆಗೆ, ಇದನ್ನೂ ನೋಡಿ. ಹೆಸರಿನಲ್ಲೇ ಎಡವುವವರೂ ಉಂಟು. ಮರೈನ್ ಟ್ರಾನ್ಸ್‌ಪೋರ್ಟೇಶನ್, ನಾಟಿಕಲ್ ಸೈನ್ಸ್, ನಾಟಿಕಲ್ ಸ್ಟಡೀಸ್ ಇವೆಲ್ಲ ಸಾಮಾನ್ಯವಾಗಿ ಡೆಕ್ ಕಡೆಯ ಓದು: ದಾರಿ ಹಿಡಿಯುವುದು, ಸರಕು ತುಂಬುವುದು, ಹಡಗು ಮಗುಚದಂತೆ ತೂಕ ಹಂಚುವುದು. ಮರೈನ್ ಎಂಜಿನಿಯರಿಂಗ್ ಅಂದರೆ ಕೆಳಗಿನ ಎಂಜಿನ್ ರೂಮ್. ಆದರೆ ಮರೈನ್ ಅಥವಾ ಮ್ಯಾರಿಟೈಮ್ ಅಂತ ಹೆಸರಿಟ್ಟುಕೊಂಡು ಪೂರ್ತಿ ಆಫೀಸ್ ಕೆಲಸ ಕಲಿಸುವ ಕೋರ್ಸ್‌ಗಳೂ ಇವೆ. ಬಂದರು, ಸಾಗಣೆ, ಲಾಜಿಸ್ಟಿಕ್ಸ್, ವಿಮೆ. ಒಳ್ಳೆಯ ಓದೇ, ಆದರೆ ಅದರಿಂದ ಬ್ರಿಡ್ಜ್‌ಗೆ ದಾರಿ ಇಲ್ಲ. ಒಂದೇ ಪದವಿಯಲ್ಲಿ ಲೈಸೆನ್ಸ್ (ಅದೇ ಸಿಒಸಿ) ಸಿಗುವ ವಿಭಾಗ, ಸಿಗದ ವಿಭಾಗ ಅಂತ ಎರಡು ಕವಲು ಇರುವುದೂ ಉಂಟು. ಅರ್ಜಿಯಲ್ಲಿ ಯಾವುದಕ್ಕೆ ಗುರುತು ಹಾಕಿದ್ದೀರಿ ಅಂತ ಎರಡು ಸಲ ನೋಡಿ.

ಇನ್ನು ಹಡಗಿನ ಮಾತು. ನನ್ನ ಲೆಕ್ಕದಲ್ಲಿ ಇಡೀ ಆಯ್ಕೆಯ ಮುಕ್ಕಾಲು ಭಾಗ ಇದೇ.

ಕೆಡೆಟ್‌ಗಳನ್ನು, ಅಂದರೆ ಆಫೀಸರ್ ಆಗಲು ತರಬೇತಿ ಪಡೆಯುತ್ತಿರುವವರನ್ನು, ಕಡಲಿಗೆ ಕಳಿಸಲು ಜಗತ್ತಿನಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ಕಾಲೇಜಿನದೇ ತರಬೇತಿ ಹಡಗು. ಅಮೆರಿಕದ ರಾಜ್ಯ ಅಕಾಡೆಮಿಗಳು ಹೀಗೆ ನಡೆಯುತ್ತವೆ. ಅಲ್ಲಿನ ಸರ್ಕಾರ ಅವರಿಗಾಗಿ ಹೊಸ ಹಡಗುಗಳನ್ನೇ ಕಟ್ಟಿಸಿತು, ಅದರಲ್ಲಿ ಮೊದಲನೆಯ ಎಂಪೈರ್ ಸ್ಟೇಟ್ 2023ರಲ್ಲಿ ನ್ಯೂಯಾರ್ಕಿನ ಅಕಾಡೆಮಿಯ ಕೈ ಸೇರಿತು. ಎರಡನೆಯದು, ಬ್ರಿಟನ್ನಿನ ಕ್ರಮ. ಅಲ್ಲಿ ಮೊದಲು ಹಡಗು ಕಂಪನಿ ಅಥವಾ ತರಬೇತಿ ಸಂಸ್ಥೆ ನಿಮ್ಮನ್ನು ಕೆಡೆಟ್ ಆಗಿ ಆರಿಸುತ್ತದೆ, ಕಾಲೇಜು ಆಮೇಲೆ. ಓದು ಮತ್ತು ಕಡಲು ಒಂದರ ನಂತರ ಒಂದು ಸರದಿಯಲ್ಲಿ ಬರುತ್ತವೆ. ಮೂರನೆಯದು, ಮೊದಲು ತರಗತಿ ಮುಗಿಸಿ ಆಮೇಲೆ ಸರಕು ಹಡಗು ಹತ್ತುವುದು. ಫಿಲಿಪ್ಪೀನ್ಸ್‌ನಲ್ಲಿ ಹೆಚ್ಚಾಗಿ ನಡೆದು ಬಂದಿರುವುದು ಇದು: ಮೂರು ವರ್ಷ ತರಗತಿ, ಒಂದು ವರ್ಷ ಹಡಗು.

ಮೂರರಲ್ಲೂ ಒಳ್ಳೆಯ ಆಫೀಸರ್‌ಗಳು ತಯಾರಾಗಿದ್ದಾರೆ. ಆದರೆ ಮೂರನೆಯ ದಾರಿಯಲ್ಲಿ ಒಂದು ಕಂದಕ ಇದೆ. ತರಗತಿ ಮುಗಿಯಿತು, ಹಡಗು ಸಿಗಲಿಲ್ಲ. ಸರಕು ಹಡಗಿನಲ್ಲಿ ಕೆಡೆಟ್‌ಗೆ ಇರುವ ಜಾಗ ತೀರಾ ಕಡಿಮೆ. ಇಪ್ಪತ್ತು ಇಪ್ಪತ್ತೈದು ಜನ ಸಿಬ್ಬಂದಿ ಇರುವ ಹಡಗಿನಲ್ಲಿ ಒಬ್ಬರು ಇಬ್ಬರು ಕೆಡೆಟ್‌ಗಳಿಗೆ ಕೋಣೆ ಇದ್ದರೆ ಇತ್ತು. ಲೈಫ್‌ಬೋಟಿನಲ್ಲಿ ಇರುವ ಆಸನಕ್ಕಿಂತ ಜಾಸ್ತಿ ಜನರನ್ನು ಹತ್ತಿಸಿಕೊಳ್ಳುವ ಹಾಗೂ ಇಲ್ಲ. ಕಾಲೇಜು ವರ್ಷಕ್ಕೆ ನೂರಾರು ಜನರನ್ನು ಸೇರಿಸಿಕೊಳ್ಳುತ್ತಿದ್ದು, ಅದರ ಜೊತೆಗಿರುವ ಕಂಪನಿಗಳ ಹತ್ತಿರ ಬೆರಳೆಣಿಕೆಯ ಹಡಗುಗಳಿದ್ದರೆ, ಉಳಿದವರು ಎಲ್ಲಿಗೆ ಹೋಗುತ್ತಾರೆ? ಈ ಲೆಕ್ಕವನ್ನು ಯಾರು ಬೇಕಾದರೂ ಕೂತು ಹಾಕಬಹುದು. ಹಾಕಲೇಬೇಕು.

ಕಾಲೇಜಿನ ಕಾಗದದಲ್ಲಿ ಯಾವ ಪದ ಇದೆ ಅನ್ನುವುದೂ ಮುಖ್ಯ. 'ಹಡಗು ಸಿಗಲು ಸಹಾಯ ಮಾಡುತ್ತೇವೆ' ಅನ್ನುವುದಕ್ಕೂ 'ಇಂಥ ಕಂಪನಿ ಇಷ್ಟು ತಿಂಗಳೊಳಗೆ ಹಡಗು ಹತ್ತಿಸುತ್ತದೆ' ಅನ್ನುವುದಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ. ಮೊದಲನೆಯದು ಬರೀ ಸದಾಶಯ. ಎರಡನೆಯದು ಕರಾರು. ಕಂಪನಿಯ ಹೆಸರು ಬರೆದಿದ್ದರೆ ಆ ಕಂಪನಿಗೇ ಪತ್ರ ಬರೆದು ಕೇಳಿ, ಈ ಕಾಲೇಜಿನಿಂದ ಈ ವರ್ಷ ಎಷ್ಟು ಕೆಡೆಟ್‌ಗಳನ್ನು ತೆಗೆದುಕೊಳ್ಳುತ್ತೀರಿ ಅಂತ. ಕೇಳುವುದರಲ್ಲಿ ಸಂಕೋಚ ಏನೂ ಬೇಡ. 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂದಾಗಲೂ ಹಾಗೇ, ಯಾವ ನೂರು ಅಂತ ಕೇಳಿ. ಸೇರಿದ ನೂರೋ, ಪಾಸಾದ ನೂರೋ, ಸಂದರ್ಶನಕ್ಕೆ ಆಯ್ಕೆಯಾದ ನೂರೋ? ಮತ್ತು ಹತ್ತಿದ್ದು ಯಾವ ಹಡಗು? ಬಂದರಿನೊಳಗೆ ಓಡಾಡುವ ಸಣ್ಣ ದೋಣಿಯ ದಿನಗಳನ್ನು ಇಲಾಖೆ ಲೆಕ್ಕಕ್ಕೆ ಹಿಡಿಯದೇ ಇರಬಹುದು.

ಹಡಗು ಕೊಡಿಸುತ್ತೇನೆ ಅಂತ ದುಡ್ಡು ಕೇಳುವ ದಲ್ಲಾಳಿಗಳ ಬಗ್ಗೆ ಒಂದು ಮಾತು. 2006ರಲ್ಲಿ ಆಗಿ 2013ರಲ್ಲಿ ಜಾರಿಗೆ ಬಂದ ಕಡಲ ಕಾರ್ಮಿಕರ ಒಪ್ಪಂದ, ಅಂದರೆ ಎಂಎಲ್‌ಸಿ, ಕೆಲಸ ಕೊಡಿಸಲು ನಾವಿಕರಿಂದ ಶುಲ್ಕ ವಸೂಲಿ ಮಾಡುವುದನ್ನು ನಿಷೇಧಿಸಿದೆ. ವೈದ್ಯಕೀಯ ಪ್ರಮಾಣಪತ್ರ, ನಾವಿಕರ ಪುಸ್ತಕ, ಪಾಸ್‌ಪೋರ್ಟ್ ಇಂಥವುಗಳ ಖರ್ಚು ನಿಮ್ಮದಾಗಬಹುದು. ಅದು ಬಿಟ್ಟು 'ಹಡಗಿನ ಸೀಟಿಗೆ ಇಷ್ಟು' ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಆ ಮಾತು ಕಾಲೇಜಿನ ಆವರಣದೊಳಗೇ ಕೇಳಿಬಂದರೆ ಕಾಲೇಜನ್ನೂ ಬಿಡಿ.

ರೆಕಾರ್ಡ್ ಬುಕ್ ಅಂದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದಪ್ಪ ಪುಸ್ತಕ. ಪುಟ ತೆಗೆದರೆ ಎಡಕ್ಕೆ ಒಂದು ಕೆಲಸದ ಹೆಸರು: ಲಂಗರು ಬಿಡುವಾಗ ಮುಂದುಗಡೆ ನಿಂತು ಸಹಾಯ ಮಾಡು, ಬಂದರಿನ ದಾರಿ ತೋರಿಸುವ ಪೈಲಟ್ ಹತ್ತಲು ಏಣಿ ಕಟ್ಟು, ಸೂರ್ಯನ ಎತ್ತರ ಅಳೆದು ಹಡಗಿನ ಸ್ಥಾನ ಕಂಡುಹಿಡಿ, ಲೈಫ್‌ಬೋಟ್ ಇಳಿಸು. ಬಲಕ್ಕೆ ತಾರೀಖು, ಆಫೀಸರ್ ಸಹಿ. ಕ್ಯಾಪ್ಟನ್ ಆಗಾಗ ತರಿಸಿಕೊಂಡು ನೋಡಿ ತಾನೂ ಸಹಿ ಹಾಕುತ್ತಾನೆ. ಬರೀ 12 ತಿಂಗಳು ಹಡಗಿನಲ್ಲಿ ಇದ್ದು ಬಂದರೆ ಆಗುವುದಿಲ್ಲ, ಈ ಪುಟಗಳು ತುಂಬಬೇಕು. ತುಕ್ಕು ಕೆರೆದು ಬಣ್ಣ ಹೊಡೆಯುವುದರಲ್ಲೇ ಇಡೀ ವರ್ಷ ಕಳೆದು, ಬ್ರಿಡ್ಜ್ ಪುಟಗಳು ಖಾಲಿ ಉಳಿದರೆ ಪರೀಕ್ಷೆಗೆ ಕೂರಲು ಮತ್ತೆ ಹಡಗು ಹತ್ತಬೇಕಾಗುತ್ತದೆ. ಒಳ್ಳೆಯ ಕಾಲೇಜಿನಲ್ಲಿ ಇದಕ್ಕೇ ಅಂತ ಒಬ್ಬರು ಇರುತ್ತಾರೆ. ಕೆಡೆಟ್ ಕಡಲಿನಲ್ಲಿದ್ದಾಗ ಪುಸ್ತಕ ಎಲ್ಲಿಗೆ ಬಂತು ಅಂತ ವಿಚಾರಿಸುತ್ತಾರೆ, ಕೆಲಸ ಕಲಿಸುತ್ತಿಲ್ಲ ಅಂದರೆ ಕಂಪನಿಗೆ ಬರೆಯುತ್ತಾರೆ. ಆ ವ್ಯಕ್ತಿ ಯಾರು ಅಂತ ಕೇಳಿ. ಹೆಸರು ಹೇಳಲು ಕಾಲೇಜು ತಡವರಿಸಿದರೆ ಅಂಥವರು ಇಲ್ಲ ಅಂತಲೇ ತಿಳಿಯಿರಿ.

ಇನ್ನು ತರಗತಿಯ ವಿಷಯ. ಇಲ್ಲಿ ಸಿಮ್ಯುಲೇಟರ್, ಅಂದರೆ ಬ್ರಿಡ್ಜ್ ಥರವೇ ಮಾಡಿಟ್ಟ ಅಭ್ಯಾಸದ ಕೋಣೆ, ಒಂದನ್ನು ನೋಡಿದರೆ ಕಾಲೇಜಿನ ಅರ್ಧ ಗುಣ ಗೊತ್ತಾಗುತ್ತದೆ.

ಕತ್ತಲೆ ಕೋಣೆ. ಸುತ್ತ ಪರದೆಗಳ ಮೇಲೆ ರಾತ್ರಿಯ ಕಡಲು. ನಿಮ್ಮ ಹಡಗು ಉತ್ತರಕ್ಕೆ ಹೋಗುತ್ತಿದೆ. ಮುಂದೆ ಬಲಗಡೆ ಒಂದು ಕೆಂಪು ದೀಪ. ಹಡಗಿನ ಎಡಬದಿಗೆ ಕೆಂಪು, ಬಲಬದಿಗೆ ಹಸಿರು, ಅಂದರೆ ನಿಮಗೆ ಕಾಣುತ್ತಿರುವುದು ಅದರ ಎಡಬದಿ, ಅದು ಬಲದಿಂದ ಎಡಕ್ಕೆ ದಾಟುತ್ತಿದೆ. ದಿಕ್ಸೂಚಿಯಲ್ಲಿ ಅದರ ದಿಕ್ಕು ನೋಡುತ್ತೀರಿ: 040 ಡಿಗ್ರಿ. ಮೂರು ನಿಮಿಷ ಬಿಟ್ಟು ಮತ್ತೆ ನೋಡುತ್ತೀರಿ: 040. ಇನ್ನೂ ಮೂರು ನಿಮಿಷ: 040. ದೂರ ಮಾತ್ರ ಆರು ಮೈಲಿ ಇದ್ದದ್ದು ಐದಾಯಿತು, ನಾಲ್ಕಾಯಿತು. ದಿಕ್ಕು ಬದಲಾಗದೆ ದೂರ ಕಡಿಮೆಯಾಗುತ್ತಿದೆ ಅಂದರೆ ಎರಡೂ ಹಡಗು ಒಂದೇ ಜಾಗಕ್ಕೆ ಹೋಗುತ್ತಿವೆ. ಡಿಕ್ಕಿ ತಪ್ಪಿಸಲು ಮಾಡಿದ 1972ರ ನಿಯಮಗಳ ಪ್ರಕಾರ, ಇನ್ನೊಂದು ಹಡಗು ಯಾರ ಬಲಗಡೆ ಇದೆಯೋ ಅವರೇ ದಾರಿ ಬಿಡಬೇಕು. ಅಂದರೆ ನೀವು. ಬೇಗ, ಎದುರಿನವರಿಗೆ ಕಾಣುವಷ್ಟು ದೊಡ್ಡದಾಗಿ ಬಲಕ್ಕೆ ತಿರುಗಿಸಿ ಅದರ ಹಿಂದಿನಿಂದ ಹೋಗಬೇಕು.

ಇದನ್ನು ಪುಸ್ತಕದಲ್ಲಿ ಓದಿದರೆ ಎರಡು ನಿಮಿಷದಲ್ಲಿ ಅರ್ಥ ಆಗುತ್ತದೆ. ಆದರೆ ಆ ಕತ್ತಲೆಯಲ್ಲಿ ನಿಂತು, ರೇಡಿಯೋ ಕೂಗುತ್ತಿರುವಾಗ, ಪಕ್ಕದಲ್ಲಿ ಇನ್ನೊಂದು ಮೀನುದೋಣಿ ಇರುವಾಗ, ತಿರುಗಿಸು ಅಂತ ನೀವೇ ಬಾಯಿಬಿಟ್ಟು ಹೇಳುವುದಿದೆಯಲ್ಲ, ಅದು ನಿಂತು ಕಲಿತವರಿಗೆ ಮಾತ್ರ ಬರುತ್ತದೆ. ಹಾಗಾಗಿ ಸಿಮ್ಯುಲೇಟರ್ ಇದೆಯಾ ಅಂತ ಕೇಳಿದರೆ ಏನೂ ಪ್ರಯೋಜನವಿಲ್ಲ, ಎಲ್ಲರೂ ಇದೆ ಅನ್ನುತ್ತಾರೆ. ಒಬ್ಬ ವಿದ್ಯಾರ್ಥಿ ಎಷ್ಟು ಗಂಟೆ ತಾನೇ ಆಫೀಸರ್ ಜಾಗದಲ್ಲಿ ನಿಲ್ಲುತ್ತಾನೆ ಅಂತ ಕೇಳಿ. ಇಪ್ಪತ್ತು ಜನ ಹಿಂದೆ ಗುಂಪಾಗಿ ನಿಂತು ಇಬ್ಬರು ನಡೆಸುವುದನ್ನು ನೋಡಿದರೆ ಅದು ಸಿನಿಮಾ ನೋಡಿದ ಹಾಗೆ. ಅಭ್ಯಾಸ ಮುಗಿದ ಮೇಲೆ ನಡೆದದ್ದನ್ನು ಮತ್ತೆ ಓಡಿಸಿ ಎಲ್ಲಿ ತಪ್ಪಿದೆ ಅಂತ ಮೇಷ್ಟ್ರು ತೋರಿಸುತ್ತಾರಾ? ಕಲಿಕೆಯ ಬಹುಪಾಲು ಅಲ್ಲೇ ಆಗುವುದು. ಎಲೆಕ್ಟ್ರಾನಿಕ್ ನಕ್ಷೆ, ಅಂದರೆ ಎಕ್ಡಿಸ್, ಎಷ್ಟು ಯಂತ್ರಗಳಿವೆ, ಎಷ್ಟು ಕೆಲಸ ಮಾಡುತ್ತಿವೆ ಅನ್ನುವುದನ್ನೂ ನೋಡಿ.

ಮೇಷ್ಟ್ರುಗಳ ಬಗ್ಗೆ ನನಗೆ ಒಂದೇ ಒಂದು ಅಳತೆ. ಅವರು ಕಡಲು ಬಿಟ್ಟು ಎಷ್ಟು ವರ್ಷ ಆಯಿತು? ಹಳೆಯ ಕ್ಯಾಪ್ಟನ್‌ಗಳು ದೊಡ್ಡ ಆಸ್ತಿ, ಆದರೆ ಎಲ್ಲರೂ ಕಾಗದದ ನಕ್ಷೆಯ ಕಾಲದವರೇ ಆದರೆ ಕಷ್ಟ. ಎಕ್ಡಿಸ್ 2012ರಿಂದ 2018ರ ನಡುವೆ ಹಂತ ಹಂತವಾಗಿ ದೊಡ್ಡ ಹಡಗುಗಳಿಗೆ ಕಡ್ಡಾಯವಾಯಿತು, ಕೆಲಸದ ರೀತಿಯೇ ಬದಲಾಯಿತು. ಇಬ್ಬರು ಮೂವರಾದರೂ ಇತ್ತೀಚೆಗೆ ಹಡಗಿನಿಂದ ಇಳಿದು ಬಂದವರು ಇರಬೇಕು. ಒಂದು ತರಗತಿಯಲ್ಲಿ ಹಿಂದೆ ಕೂತು ಕೇಳಲು ಬಿಡುತ್ತೀರಾ ಅಂತ ಕೇಳಿ ನೋಡಿ. ಬಿಡುವ ಕಾಲೇಜುಗಳಿವೆ.

ಕಾಲೇಜನ್ನು ಪರೀಕ್ಷಿಸುವ ಮೊದಲು ನಿಮ್ಮ ಕಣ್ಣನ್ನು ಪರೀಕ್ಷಿಸಿಕೊಳ್ಳಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಆ ಕೆಂಪು ದೀಪ ನಿಮಗೆ ಕೆಂಪಾಗಿ ಕಾಣದಿದ್ದರೆ ಮೇಲೆ ಹೇಳಿದ ಲೆಕ್ಕ ಎಲ್ಲ ತಲೆಕೆಳಗು. ಡೆಕ್ ಆಫೀಸರ್‌ಗೆ ಬಣ್ಣ ಗುರುತಿಸುವ ಪರೀಕ್ಷೆ ಕಡ್ಡಾಯ, ಕನ್ನಡಕದಿಂದ ಅದನ್ನು ಸರಿಮಾಡಲು ಆಗುವುದಿಲ್ಲ. ದೂರದ್ದು ಕಾಣುವ ದೃಷ್ಟಿಗೆ ಎಸ್‌ಟಿಸಿಡಬ್ಲ್ಯು ಒಪ್ಪಂದದ ಕನಿಷ್ಠ ಅಳತೆ ಪ್ರತಿ ಕಣ್ಣಿಗೂ 0.5, ಕನ್ನಡಕ ಹಾಕಿಯಾದರೂ ಸರಿ, ಆದರೆ ಕೆಲವು ದೇಶಗಳು, ಕಂಪನಿಗಳು ಇದಕ್ಕಿಂತ ಕಟ್ಟುನಿಟ್ಟು. ಎಷ್ಟೋ ಜನಕ್ಕೆ ತಮಗೆ ಬಣ್ಣಗುರುಡು ಇದೆ ಅಂತಲೇ ಗೊತ್ತಿರುವುದಿಲ್ಲ, ದಿನದ ಬದುಕಿನಲ್ಲಿ ಅದು ಅಡ್ಡ ಬಂದಿರುವುದಿಲ್ಲ. ಶುಲ್ಕ ಕಟ್ಟಿದ ಮೇಲೆ ಗೊತ್ತಾದರೆ ಆ ನೋವು ಹೇಳತೀರದು. ಇಲಾಖೆ ಒಪ್ಪಿದ ವೈದ್ಯರ ಹತ್ತಿರವೇ ಹೋಗಿ ಮೊದಲು ಪರೀಕ್ಷೆ ಮಾಡಿಸಿ.

ಇನ್ನೊಂದು ಸೂಕ್ಷ್ಮ ವಿಷಯ, ನಿಮ್ಮ ಸಿಒಸಿ ಎಲ್ಲೆಲ್ಲಿ ನಡೆಯುತ್ತದೆ ಅನ್ನುವುದು. ಹಡಗಿನ ಮಾಲೀಕ ಒಂದು ದೇಶದವನು, ಸಿಬ್ಬಂದಿ ನಾಲ್ಕು ದೇಶದವರು, ಬಾವುಟ ಇನ್ನೊಂದು ದೇಶದ್ದು. ಹಡಗುಗಳ ಒಟ್ಟು ಟನ್ ಲೆಕ್ಕದಲ್ಲಿ ಜಗತ್ತಿನಲ್ಲಿ ಮುಂದಿರುವುದು ಲೈಬೀರಿಯಾ, ಪನಾಮ, ಮಾರ್ಷಲ್ ದ್ವೀಪಗಳ ಬಾವುಟ. ನಿಮ್ಮ ದೇಶ ಕೊಟ್ಟ ಸಿಒಸಿಯನ್ನು ಆ ಬಾವುಟದ ದೇಶ ಒಪ್ಪಿ ತನ್ನದೊಂದು ಮುದ್ರೆ ಒತ್ತಿದರೆ ಮಾತ್ರ ಆ ಹಡಗಿನಲ್ಲಿ ಕೆಲಸ. ಈ ಒಪ್ಪಿಗೆ ಕಾಲೇಜುಗಳ ಗುಣಮಟ್ಟದ ಮೇಲೆ ನಿಂತಿದೆ. ಫಿಲಿಪ್ಪೀನ್ಸ್‌ಗೆ ಆದದ್ದು ನೋಡಿ. ಅಲ್ಲಿನ ತರಬೇತಿಯಲ್ಲಿ ಕೊರತೆಗಳಿವೆ ಅಂತ ಯುರೋಪಿನ ಕಡಲ ಸುರಕ್ಷತಾ ಸಂಸ್ಥೆ 2006ರಿಂದಲೂ ಹೇಳುತ್ತಾ ಬಂದಿತ್ತು. ಯುರೋಪಿನ ಹಡಗುಗಳಲ್ಲಿದ್ದ ಸುಮಾರು 50,000 ಫಿಲಿಪ್ಪಿನೋ ಆಫೀಸರ್‌ಗಳ ಕೆಲಸವೇ ತೂಗುಯ್ಯಾಲೆಯಲ್ಲಿತ್ತು. ಮಾನ್ಯತೆ ಮುಂದುವರಿಯುತ್ತದೆ ಅಂತ ಯುರೋಪ್ ಹೇಳಿದ್ದು 2023ರ ಮಾರ್ಚ್‌ನಲ್ಲಿ. ಬೇರೆ ದೇಶಕ್ಕೆ ಹೋಗಿ ಓದಬೇಕು ಅಂತಿರುವವರು ಇದನ್ನು ಇನ್ನೂ ಹುಷಾರಾಗಿ ನೋಡಬೇಕು. ಅಲ್ಲಿ ಓದಿದ ಹೊರದೇಶದವರಿಗೆ ಆ ದೇಶ ಸಿಒಸಿ ಕೊಡುತ್ತದಾ? ಕೆಲವು ದೇಶಗಳು ತಮ್ಮ ಪ್ರಜೆಗಳಿಗೆ ಮಾತ್ರ ಕೊಡುತ್ತವೆ. ಹಾಗಾದರೆ ಆ ಓದನ್ನು ನಿಮ್ಮ ದೇಶ ಒಪ್ಪುತ್ತದಾ? ಎರಡಕ್ಕೂ ಇಲ್ಲ ಅನ್ನುವುದೇ ಉತ್ತರವಾದರೆ ಪದವಿ ಒಂದೇ ಕೈಗೆ ಬರುವುದು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾಲೇಜಿನ ಶುಲ್ಕ ಮಾತ್ರ ಹೋಲಿಸಬೇಡಿ, ಸಿಒಸಿ ಕೈಗೆ ಬರುವವರೆಗಿನ ಒಟ್ಟು ಖರ್ಚು ಹೋಲಿಸಿ. ಬೆಂಕಿ ಆರಿಸುವ ತರಬೇತಿ, ಜೀವರಕ್ಷಣೆ, ಪ್ರಥಮ ಚಿಕಿತ್ಸೆ, ರೇಡಿಯೋ ಪರೀಕ್ಷೆ, ರೇಡಾರ್ ಕೋರ್ಸ್ ಇವೆಲ್ಲ ಶುಲ್ಕದೊಳಗೆ ಬರುತ್ತವೆಯಾ, ಹೊರಗಾ? ನಡುವೆ ಬಿಟ್ಟರೆ ಎಷ್ಟು ವಾಪಸ್ ಕೊಡುತ್ತಾರೆ? ಕಂಪನಿ ಖರ್ಚು ಹಾಕಿದರೆ ಎಷ್ಟು ವರ್ಷ ಅಲ್ಲೇ ದುಡಿಯಬೇಕು?

ಹುಡುಗಿಯರಿಗೆ ಇನ್ನೊಂದಿಷ್ಟು ಹೇಳಬೇಕು. ಜಗತ್ತಿನ ನಾವಿಕರಲ್ಲಿ ಹೆಂಗಸರು ನೂರಕ್ಕೆ ಇಬ್ಬರೂ ಇಲ್ಲ. ಅದು ಬದಲಾಗುತ್ತಿದೆ, ಬದಲಾಗಲೇಬೇಕು. ಕಿರುಕುಳ, ಲೈಂಗಿಕ ದೌರ್ಜನ್ಯ ತಡೆಯುವ ಪಾಠವನ್ನು ಮೂಲ ತರಬೇತಿಗೇ ಸೇರಿಸಿ ಎಸ್‌ಟಿಸಿಡಬ್ಲ್ಯುಗೆ 2024ರಲ್ಲಿ ತಿದ್ದುಪಡಿ ಮಾಡಿದರು, ಅದು 2026ರ ಜನವರಿ 1ರಿಂದ ಜಾರಿ. ಹಾಗಾಗಿ ಕಾಲೇಜಿನವರನ್ನು ನೇರವಾಗಿಯೇ ಕೇಳಿ. ಕೆಡೆಟ್ ಒಬ್ಬಳು ನಡುಗಡಲಿನಲ್ಲಿ ತೊಂದರೆಗೆ ಸಿಕ್ಕಿದರೆ ಕಾಲೇಜಿನಲ್ಲಿ ಯಾರಿಗೆ ಫೋನ್ ಮಾಡಬೇಕು, ರಾತ್ರಿ ಎರಡು ಗಂಟೆಗೂ ಎತ್ತುತ್ತಾರಾ, ಆಮೇಲೆ ಏನು ಮಾಡುತ್ತಾರೆ? ಒಬ್ಬಳನ್ನೇ ಕಳಿಸುತ್ತೀರಾ, ಇಬ್ಬರನ್ನು ಒಟ್ಟಿಗೆ ಕಳಿಸುತ್ತೀರಾ? ಗಂಡುಮಕ್ಕಳ ಅಪ್ಪ ಅಮ್ಮನೂ ಇದನ್ನು ಕೇಳಬೇಕು. ಹಡಗಿನಲ್ಲಿ ಎಲ್ಲರಿಗಿಂತ ಕಿರಿಯರು ಕೆಡೆಟ್‌ಗಳೇ ಅಲ್ವಾ.

ಪದವಿಯ ಬೆಲೆಗೆ ಆಮೇಲೆ ಬರುತ್ತೇನೆ ಅಂದಿದ್ದೆ. ಸಿಒಸಿ ನಿಮ್ಮನ್ನು ಕಡಲಿನಲ್ಲಿ ಮೇಲಕ್ಕೆ ಹತ್ತಿಸುತ್ತದೆ: ವಾಚ್ ಆಫೀಸರ್, ಚೀಫ್ ಮೇಟ್, ಕ್ಯಾಪ್ಟನ್. ಪ್ರತಿ ಮೆಟ್ಟಿಲಿಗೂ ಮತ್ತೆ ಕಡಲಿನ ತಿಂಗಳುಗಳು, ಮತ್ತೆ ಪರೀಕ್ಷೆ. ಆದರೆ ಬಹಳ ಜನ ಇಡೀ ಬದುಕು ಹಡಗಿನಲ್ಲಿ ಕಳೆಯುವುದಿಲ್ಲ. ಮದುವೆ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ, ಹೀಗೆ ಒಂದು ಹಂತದಲ್ಲಿ ದಡಕ್ಕೆ ಬರುತ್ತಾರೆ. ಬಂದರಿನ ಆಡಳಿತ, ಹಡಗು ತಪಾಸಣೆ, ಕಂಪನಿಯ ಸುರಕ್ಷತಾ ವಿಭಾಗ, ವಿಮೆ, ಕಡಲ ಕಾನೂನು, ಪಾಠ ಹೇಳುವ ಕೆಲಸ. ಆಗ ಪದವಿ ನೆರವಿಗೆ ಬರುತ್ತದೆ. ಮುಂದೆ ಓದಬೇಕು ಅಂದರೂ, ಸ್ವೀಡನ್ನಿನ ಮಾಲ್ಮೋದಲ್ಲಿ ಐಎಂಒ 1983ರಲ್ಲಿ ಶುರುಮಾಡಿದ ವಿಶ್ವ ಕಡಲ ವಿಶ್ವವಿದ್ಯಾಲಯದಂಥ ಕಡೆ ಹೋಗಲು ಅದು ಬಾಗಿಲು ತೆರೆಯುತ್ತದೆ. ಅದಕ್ಕೇ ಪದವಿ ಕೊಡುವ ವಿಶ್ವವಿದ್ಯಾಲಯಕ್ಕೆ ಬೇರೆ ಕಡೆ ಮಾನ್ಯತೆ ಇದೆಯಾ ಅಂತಲೂ ನೋಡಿ. ಎರಡೂ ಗಟ್ಟಿಯಾಗಿರುವ ಕಾಲೇಜು ಸಿಕ್ಕರೆ ಬಿಡಬೇಡಿ. ಒಂದನ್ನೇ ಆರಿಸಬೇಕಾಗಿ ಬಂದರೆ, ನಾನಾದರೆ ಹಡಗು ಕೊಡುವ ಕಾಲೇಜಿಗೇ ಹೋಗುತ್ತೇನೆ. ಪದವಿಯನ್ನು ಆಮೇಲೂ ಓದಬಹುದು, ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಹಡಗಿಗೆ ಕಾದು ಕಳೆದ ವರ್ಷಗಳು ವಾಪಸ್ ಬರುವುದಿಲ್ಲ.

ಕೊನೆಗೆ, ಕಾಲೇಜು ನೋಡಲು ಹೋದ ದಿನ ಮುಖ್ಯ ಕಟ್ಟಡದಲ್ಲಿ ಕಾಫಿ ಕುಡಿದು ವಾಪಸ್ ಬರಬೇಡಿ. ಅಂತಿಮ ವರ್ಷದವರು ಎಲ್ಲಿರುತ್ತಾರೆ ಅಂತ ವಿಚಾರಿಸಿ. ಹೋದ ವರ್ಷ ಮುಗಿಸಿದವರ ನಂಬರ್ ಅವರ ಹತ್ತಿರ ಇರುತ್ತದೆ. ಆರಿಸಿ ಕೊಟ್ಟ ಒಬ್ಬರಿಗೆ ಮಾಡಿದರೆ ಸಾಲದು, ನಾಲ್ಕೈದು ಜನಕ್ಕೆ ಮಾಡಿ. ಊಟ ಹೇಗಿತ್ತು, ಮೇಷ್ಟ್ರು ಹೇಗಿದ್ದರು ಅಂತ ಆಮೇಲೆ ಕೇಳಿದರಾಯಿತು. ಮೊದಲು ಅವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಮನೆಯಲ್ಲಿದ್ದೇನೆ ಅಂದರೆ, ರೆಕಾರ್ಡ್ ಬುಕ್ ತೆಗೆದು ಅದರಲ್ಲಿರುವ ಕೊನೆಯ ಸಹಿಯ ತಾರೀಖು ಯಾವುದು ಅಂತ ಓದಲು ಹೇಳಿ.